ಕತ್ತರಿಸಿ ಬಿಟ್ಟ ನಗು

ಗಂಡಿನ ಕಡೆಯವರು ಮಂದ್ರೂಪದಿಂದ ಬರಬೇಕಾಗಿದ್ದು ಭಾನುವಾರ. ಅವನು ಶನಿವಾರ ಮಧ್ಯಾಹ್ನವೇ ಬಂದು ಬಾಗಿಲಲ್ಲಿ ನಿಂತ. ಹೆಗಲಿಗೆ ಕಪ್ಪು ಬ್ಯಾಗು, ಇಸ್ತ್ರಿ ಮಾಡಿದ ಅಂಗಿ, ಬಸ್ಸಿನ ಧೂಳು ಕೂತ ಹುಬ್ಬು.

"ಸಾರಿಕಾ ಅವರ ಮನಿ ಇದೇ ಏನ್ರಿ?"

ನಮ್ಮವ್ವನಿಗೆ ಅಷ್ಟು ಸಾಕಾಯಿತು. ಮಂದ್ರೂಪದ ಹುಡುಗ ಹಿರಿಯರನ್ನು ಬಿಟ್ಟು, ಒಂದು ದಿನ ಮೊದಲೇ ಹೆಣ್ಣನ್ನು ಕದ್ದು ನೋಡಲು ಬಂದಿದ್ದಾನೆ ಎಂದು ತೀರ್ಮಾನಿಸಿಬಿಟ್ಟಳು. ಒಳಗೆ ಓಡಿ ಬಂದು ಅವಲಕ್ಕಿ ತೊಳೆಯುತ್ತ ನನ್ನ ಕಿವಿಯಲ್ಲಿ ಹೇಳಿದಳು: "ಈಗಿನ ಹುಡುಗ್ರು ಭಾಳ ಫಾರ್ವರ್ಡ್. ಛಲೋ ಸೀರಿ ಉಡು. ಬಾಯಿ ಮುಚ್ಕೊಂಡಿರು. ಕೇಳಿದ್ರಷ್ಟ ಹೂಂ ಅನ್ನು."

ಬಾಯಿ ಮುಚ್ಚಿಕೊಂಡಿರುವುದು ನನಗೆ ಹೊಸದೇನಲ್ಲ. ಹದಿನಾಲ್ಕು ವರ್ಷಗಳ ಅಭ್ಯಾಸ.

ಅವಲಕ್ಕಿಯ ತಟ್ಟೆ ಇಟ್ಟೆ. ನೋಡಲು ಬಂದವರೆಲ್ಲ ಮೊದಲು ಮುಖ ನೋಡುತ್ತಾರೆ, ಆಮೇಲೆ ಬಣ್ಣ, ಆಮೇಲೆ ಕಾಲು. ಇವನು ನನ್ನ ಬಳೆಗಳ ಕಡೆ ತಲೆ ವಾಲಿಸಿದ. ಅವು ಸುಮ್ಮನಾಗುವವರೆಗೂ ಹಾಗೇ ಇದ್ದು, ಆಮೇಲೆ ಕಣ್ಣೆತ್ತಿ ನಕ್ಕ. ವಿಚಿತ್ರ ಮನುಷ್ಯ ಅಂದುಕೊಂಡೆ. ನಗು ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

"ನಾ ನಿಮ್ಮ ಹುಡುಗಿ ದನಿ ಕೇಳಾಕ ಬಂದೀನ್ರಿ," ಎಂದ ಅವ್ವನಿಗೆ.

"ಹಾಡ ಬರೂದಿಲ್ರಿ ಆಕಿಗಿ," ಅವ್ವ ಅವಸರದಿಂದ ಅಂದಳು. "ಭಕ್ರಿ ಛಲೋ ಬಡೀತಾಳ."

"ಹಾಡಲ್ರಿ ಅವ್ವಾ. ಅಕ್ಕಲಕೋಟಿ ಕಡೆ ಬಾಂವಿಯಾಗ ಕರದಿದ್ರಲ್ಲ, ಹಂಗ ಒಮ್ಮೆ ಕರೀಬೇಕು. ನನ್ನ ಹೆಸರು ಅಮೋಲ್. ಆ ಸಿನಿಮಾದ ಆರನೇ ಭಾಗಕ್ಕ ಆವಾಜ ರೆಕಾರ್ಡ್ ಮಾಡಾಕತ್ತೀನ್ರಿ."

ಅವನ ಮುಂದೆ ಬಂದಿದ್ದ ಚಹಾದ ಕಪ್ಪು ಅವ್ವನ ಕೈಯಲ್ಲೇ ತಿರುಗಿ ಒಳಗೆ ಹೋಯಿತು.

ವಿಷಯ ಇಷ್ಟೇ. ಮಹಾರಾಷ್ಟ್ರದ ಅರ್ಧ ಮಕ್ಕಳ ನಿದ್ದೆ ಕೆಡಿಸಿದವಳು ನಾನು. 'ಸಾತವೀ ಪಾಯರಿ' ಎಂಬ ಮರಾಠಿ ದೆವ್ವದ ಸಿನಿಮಾ ಇದೆಯಲ್ಲ, ಐದು ಭಾಗ ಬಂದದ್ದು, ಈಗ ಆರನೆಯದು ಬರುತ್ತಿರುವುದು, ಅದರಲ್ಲಿ ಹೆಸರೇ ಹೇಳುವಂತೆ ಬಾವಿಯ ಏಳನೆಯ ಮೆಟ್ಟಿಲಿನಿಂದ ಹೆಣ್ಣುದೆವ್ವ ಕರೆಯುವ ದನಿ ನನ್ನದು. ಆಗ ನನಗೆ ಹದಿಮೂರು. ಅಕ್ಕಲಕೋಟೆ ಹತ್ತಿರದ ನಮ್ಮ ಮಾವನ ಊರಿನ ಹಳೇ ಬಾವಿಯಲ್ಲಿ ಶೂಟಿಂಗ್ ನಡೆದಿತ್ತು. ನನ್ನ ಕುರಿಮರಿ ತಪ್ಪಿಸಿಕೊಂಡಿತ್ತು, ಮೆಟ್ಟಿಲ ಮೇಲೆ ನಿಂತು ಕರೆದೆ. ಯಾರೋ ಅದನ್ನು ರೆಕಾರ್ಡ್ ಮಾಡಿಕೊಂಡು ನನಗೊಂದು ಬಿಸ್ಕಿಟ್ ಪುಡಾ ಕೊಟ್ಟರು. ಸಿನಿಮಾ ಬಂದಾಗ ಮಾವ ಹೆಮ್ಮೆಯಿಂದ ಊರೆಲ್ಲ ಸಾರಿದ. ಅಂದಿನಿಂದ ಶಾಲೆಯಲ್ಲಿ ನಾನು 'ಹಡಳ', ಅಂದರೆ ಹೆಣ್ಣುದೆವ್ವ. ಬೆಳೆದ ಮೇಲೆ ಬಂದ ಎರಡು ಸಂಬಂಧಗಳೂ ಅದಕ್ಕೇ ಮುರಿದವು. "ಮನಿಯಾಗ ಸಣ್ಣ ಹುಡುಗ್ರು ಅದಾವ್ರಿ, ಅಂಜತಾವ," ಎಂದಳು ಒಬ್ಬ ಬೀಗತಿ ಆಗಬೇಕಾಗಿದ್ದವಳು.

ನಾನು ಕುರಿ ಕರೆಯುವುದನ್ನೇ ಬಿಟ್ಟೆ. ಈಗ ಅಪ್ಪ ಶಿಳ್ಳೆ ಹಾಕುತ್ತಾನೆ. ನಾನು ದಿನಾ ನಮ್ಮೂರು ವಳಸಂಗದಿಂದ ಸೋಲಾಪುರಕ್ಕೆ ಹೋಗಿ ಟವೆಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಮಗ್ಗಗಳ ಗದ್ದಲದಲ್ಲಿ ಅಲ್ಲಿ ಯಾರಿಗೂ ಯಾರ ದನಿಯೂ ಬೇಕಿಲ್ಲ.

"ಬಸ್ ಸ್ಟ್ಯಾಂಡಿಗಿ ಬಿಟ್ಟ ಬಾ ಅವರನ್ನ," ಎಂದಳು ಅವ್ವ. ಅವನು ಹೋದದ್ದು ಖಾತ್ರಿಯಾಗಬೇಕಿತ್ತು ಅವಳಿಗೆ.

ಹೊಲದ ದಾರಿಯಲ್ಲಿ ನಡೆದೆವು. ಸಿಟ್ಟು ನನ್ನ ಕಾಲಿಗೆ ಬಂದಿತ್ತು. ಅವನು ಅರ್ಧ ಓಡುತ್ತ ಬಂದ.

"ನಾ ಒಲ್ಲೆ," ಎಂದೆ. "ಆ ದನಿ ನನ್ನ ಲಗ್ನ ಎರಡ ಸಲ ತಿಂದದ. ನಾಳಿ ಮೂರನೇದವ್ರು ಬರಾಕತ್ಯಾರ."

"ಆತು ಬಿಡ್ರಿ."

"ಅಷ್ಟೇ? ಜೋರ ಮಾಡೂದಿಲ್ಲ?"

"ಜೋರ ಮಾಡಿ ಕರಸಿದ್ರ ಕುರಿನೂ ಬರೂದಿಲ್ರಿ." ಓರೆಗಣ್ಣಿನಿಂದ ನೋಡಿದ. "ನಾ ನಂದೇಶ್ವರದಾವ. ನಮ್ಮನಿಯಾಗೂ ಕುರಿ ಅದಾವ. ಮೊದಲನೇ ಭಾಗ ಸೋಲಾಪುರದಾಗ ನೋಡಿದಾಗ ನನಗ ಹದಿನಾರು. ನಿಮ್ಮ ದನಿ ಬಂತು, ಇಡೀ ಥಿಯೇಟರ್ ಚೀರಿತು. ನಾ ಎದ್ದ ನಿಂತೆ."

"ಓಡಿ ಹೋಗಾಕ?"

"ಮನಿಗಿ ಹೋಗಾಕ. ನಮ್ಮಜ್ಜಿ ಸಂಜಿಕ ಹಂಗ ಕರೀತಿದ್ಲು. ಕುರಿಗೂ ಅದೇ, ನಮಗೂ ಅದೇ."

ನನ್ನ ನಡಿಗೆ ತಾನಾಗಿ ನಿಧಾನವಾಯಿತು. ನನ್ನ ದನಿ ಕೇಳಿ ಯಾರಿಗಾದರೂ ಮನೆ ನೆನಪಾಗಿರಬಹುದು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಅವನು ಬ್ಯಾಗಿನಿಂದ ಒಂದು ಸಣ್ಣ ಸ್ಪೀಕರ್ ತೆಗೆದ. "ಇದು ಅವತ್ತಿನ ಅಸಲಿ ರೆಕಾರ್ಡಿಂಗ್. ಪಿಟೀಲು, ಗುಡುಗು ಏನೂ ಹಚ್ಚಿಲ್ಲ. ಕೇಳ್ರಿ ಒಮ್ಮೆ."

ಹದಿಮೂರರ ನಾನು ಕರೆದೆ. ಉದ್ದಕ್ಕೆ, ಎತ್ತರಕ್ಕೆ, ಬಾವಿಯ ಕಲ್ಲಿಗೆ ಬಡಿದು ತಿರುಗಿ ಬರುವ ಹಾಗೆ. ಹೊಲದಾಚೆ ಮೇಯುತ್ತಿದ್ದ ನಮ್ಮ ಕುರಿಗಳು ಒಟ್ಟಿಗೆ ತಲೆ ಎತ್ತಿದವು. ಮರುಗಳಿಗೆಯಲ್ಲಿ ಅರವತ್ತೂ ಓಡಿ ಬಂದು ಅಮೋಲನನ್ನು ಮುತ್ತಿಕೊಂಡವು. ಒಂದು ಟಗರು ಅವನ ಬ್ಯಾಗಿನ ಪಟ್ಟಿ ಅಗಿಯತೊಡಗಿತು. ದೂರದಲ್ಲಿ ಅಪ್ಪ ಶಿಳ್ಳೆ ಹಾಕುವುದನ್ನೂ ಮರೆತು ನಿಂತಿದ್ದ.

"ನಿಲ್ರಿ, ಇನ್ನೂ ಅದ," ಎಂದ ಕುರಿಗಳ ನಡುವಿನಿಂದ.

ಸ್ಪೀಕರಿನಲ್ಲಿ ಒಂದು ಮರಿ 'ಬ್ಯಾ' ಎಂದಿತು. ಆಮೇಲೆ ಆ ಹುಡುಗಿ, "ಬಂದೇನ ಹುಚ್ಚಿ? ಎಲ್ಲಿ ಹೋಗಿದ್ದಿ?" ಎಂದು ನಕ್ಕಳು. ಹೊಟ್ಟೆ ತುಂಬಾ ನಕ್ಕಳು.

ನಾನು ಅದನ್ನು ಮರೆತೇಬಿಟ್ಟಿದ್ದೆ. ಮರಿ ಸಿಕ್ಕಿತ್ತು. ನಾನು ನಕ್ಕಿದ್ದೆ.

"ಐದು ಭಾಗದಾಗೂ ನಗು ಕತ್ತರಿಸ್ಯಾರ," ಅಮೋಲ್ ಮೆಲ್ಲಗೆ ಹೇಳಿದ. "ನಿಮ್ಮನ್ನ ಕೇಳಾಕ ಒಂದ ಫೋನ್ ಸಾಕಿತ್ತು. ಈ ನಗು ಕೇಳಿ ನಾನೇ ಬಂದೆ."

ಆಗ ಅವನನ್ನು ನೇರವಾಗಿ ನೋಡಿದೆ. ಅವನೂ ನೋಡಿದ. ಕುರಿಗಳನ್ನು ಸರಿಸಿಕೊಂಡು ಬಸ್ ಸ್ಟ್ಯಾಂಡ್ ಮುಟ್ಟಿದೆವು. ಬಸ್ ಬಂತು. ಹತ್ತುವ ಮೊದಲು ಅವನು ಆ ರೆಕಾರ್ಡಿಂಗನ್ನು ನನ್ನ ಫೋನಿಗೆ ಹಾಕಿ, "ಇದು ನಿಮ್ಮದು," ಎಂದ.

ಭಾನುವಾರ ಮಂದ್ರೂಪದವರು ಬಂದರು. ಹುಡುಗ ಒಳ್ಳೆಯವನೇ, ಮೆತ್ತಗಿನ ಮುಖ. ಅದೇ ಅವಲಕ್ಕಿ, ಅದೇ ಸೀರೆ. ಅವನ ತಾಯಿ "ಹುಡುಗಿ ಭಾಳ ಶಾಂತ ಅದಾಳ," ಎಂದು ಮೆಚ್ಚಿದಳು. ಅವ್ವನ ಮುಖ ಅರಳಿತು. ಇನ್ನು ಬದುಕಿಡೀ ಹೀಗೇ ಶಾಂತವಾಗಿರಬೇಕಲ್ಲ ಎನ್ನಿಸಿತು ನನಗೆ.

"ಒಂದ ಮಾತು ಹೇಳಬೇಕ್ರಿ," ಎಂದೆ. "ಸಾತವೀ ಪಾಯರಿಯೊಳಗಿನ ದನಿ ನಂದು."

ಹುಡುಗನ ಚಮಚೆ ನಿಂತಿತು. ಅವರು ಮರ್ಯಾದೆಯವರು, ಅವಲಕ್ಕಿ ಮುಗಿಸಿ, "ಹೇಳಿ ಕಳಸ್ತೀವ್ರಿ," ಎಂದು ಹೋದರು. ಹಾಗೆಂದರೆ ಏನು ಎಂದು ಎಲ್ಲರಿಗೂ ಗೊತ್ತು.

ಅವ್ವ ಅಡುಗೆಮನೆಯಲ್ಲಿ ಅತ್ತಳು. ಅವಳು ಅತ್ತದ್ದಕ್ಕೆ ನನಗೂ ಅಳು ಬಂತು. ಅಪ್ಪ ಹೊಸ್ತಿಲಲ್ಲಿ ಕೂತು ಅಂದ: "ಕುಂಟು ಮುಚ್ಚಿ ಮಾರಿದ ಕುರಿ ತಿರುಗಿ ಮನಿಗೇ ಬರ್ತದ."

"ನಾ ಕುಂಟಿ ಅಲ್ಲಪಾ."

"ಅಲ್ಲ. ಮತ್ತ ಮುಚ್ಚೂದ ಯಾಕ?"

ಸೋಮವಾರ ಊಟದ ಬಿಡುವಿನಲ್ಲಿ ಕಾರ್ಖಾನೆಯ ಹೊರಗೆ ನಿಂತು ಅಮೋಲನಿಗೆ ಫೋನ್ ಮಾಡಿದೆ. "ಕರೀತೀನಿ. ಎರಡು ಮಾತು. ನನ್ನ ಹೆಸರು ಪರದೆ ಮ್ಯಾಲ ಬರಬೇಕು. ನಗು ಕತ್ತರಿಸಬಾರದು."

"ಹೆಸರು ಬರ್ತದ. ನಗುವಿನ ಸಲುವಾಗಿ ಡೈರೆಕ್ಟರ್ ಜೋಡಿ ಜಗಳಾ ಮಾಡ್ತೀನಿ," ಎಂದ. ಆಮೇಲೆ, "ಆ ಮೂರನೇದವ್ರು...?"

"ಹೇಳಿ ಕಳಸ್ತಾರಂತ."

"ಅಯ್ಯೋ," ಎಂದ ಅವನು. ಅಷ್ಟು ಸಂತೋಷದ 'ಅಯ್ಯೋ' ನಾನು ಕೇಳಿಯೇ ಇರಲಿಲ್ಲ.

ಮುಂದಿನ ವಾರ ಅಕ್ಕಲಕೋಟೆಯ ಬಸ್ ಹತ್ತಿದೆವು. ಜೊತೆಗೆ ಅಪ್ಪ. ಅದೇ ಬಾವಿ, ಅದೇ ಮೆಟ್ಟಿಲು. ಅಮೋಲ್ ಮೈಕು ನಿಲ್ಲಿಸಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ಮತ್ತೆ ತೆರೆದೆ. ಶಾಲೆಯ ಹುಡುಗರೆಲ್ಲ ಗಂಟಲಲ್ಲಿ ಕೂತಂತಿತ್ತು.

ಅವನು ಹೆಡ್‌ಫೋನ್ ತೆಗೆದಿಟ್ಟ. "ಯಾರೂ ಕಳದಿಲ್ಲ, ಅದಕ್ಕ ಬರವಲ್ದು. ನಿಲ್ರಿ." ಮೆಟ್ಟಿಲು ಹತ್ತಿ ಕಾಣದಾದ; ಹೊಲ ದಾಟಿ, ದೂರದ ಜಾಲಿಮರದ ಹಿಂದೆ ಹೋಗಿ ನಿಂತಿದ್ದನೆಂದು ಮೇಲೆ ಕೂತಿದ್ದ ಅಪ್ಪ ಆಮೇಲೆ ಹೇಳಿದ.

ಬಾವಿಯಲ್ಲಿ ನಾನೊಬ್ಬಳೇ. ಮೇಲೆ ಒಂದು ತುಂಡು ಆಕಾಶ. ಅವನು ಕಾಣುತ್ತಿಲ್ಲ ಎಂದು ಒಮ್ಮೆಲೇ ಮನಸ್ಸಿಗೆ ತಟ್ಟಿತು. ಅವನು ಬೇಕು ಎನ್ನುವುದೂ ಆಗಲೇ ತಿಳಿಯಿತು. ಕರೆದೆ. ಹದಿನಾಲ್ಕು ವರ್ಷ ಒಳಗಿಟ್ಟದ್ದೆಲ್ಲ ಹೊರಬಂತು. ಕಲ್ಲು ಕಲ್ಲೂ ತಿರುಗಿ ಕರೆಯಿತು.

ಅವನು ಓಡಿ ಬಂದ. ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಬಿಟ್ಟು, ಏದುಸಿರು ಬಿಡುತ್ತ, ಬಾವಿಯ ಅಂಚಿಗೆ ಬಂದು ನಿಂತ. ನನಗೆ ನಗು ತಡೆಯಲಾಗಲಿಲ್ಲ.

"ಬಂದ್ರೇನು? ಎಲ್ಲಿ ಹೋಗಿದ್ರಿ?" ಎಂದೆ.

ಮೈಕು ಎಲ್ಲವನ್ನೂ ಕೇಳಿಸಿಕೊಂಡಿತು.

ಆರನೇ ಭಾಗ ಬಿಡುಗಡೆಯಾದ ದಿನ ಸೋಲಾಪುರದ ಥಿಯೇಟರ್ ತುಂಬಿತ್ತು. ಅಪ್ಪ, ನಾನು, ಅವ್ವ, ಅವ್ವನ ಆಚೆ ಅಮೋಲ್. ಅವ್ವ ಬೇಕೆಂದೇ ನಮ್ಮ ನಡುವೆ ಕೂತಿದ್ದಳು. ನಾವಿಬ್ಬರೂ ಅವಳ ತಲೆಯ ಹಿಂದಿನಿಂದ ಆಗಾಗ ಕಣ್ಣಲ್ಲೇ ಮಾತಾಡುತ್ತಿದ್ದೆವು. ಮೊದಲ ಹೆಸರುಗಳಲ್ಲೇ ಬಂತು: 'ಆವಾಜ – ಸಾರಿಕಾ ಬೀರಣ್ಣ'. ಅಪ್ಪ ತನ್ನ ಹೆಸರನ್ನು ಮೆಲ್ಲಗೆ ಎರಡು ಸಲ ಓದಿಕೊಂಡ.

ಏಳನೆಯ ಮೆಟ್ಟಿಲು ಬಂತು. ನನ್ನ ದನಿ ಬಂತು. ಇಡೀ ಥಿಯೇಟರ್ ಚೀರಿತು.

ಅಮೋಲ್ ಎದ್ದು ನಿಂತ.

"ಏ, ಖಾಲೀ ಬಸ ನಾ!" ಕೆಳಗೆ ಕೂತುಕೋ ಎಂದು ಹಿಂದಿನವರು ಮರಾಠಿಯಲ್ಲಿ ಕೂಗಿದರು.

"ಯಾಕ ಎದ್ದ್ರಿ?" ನಾನು ಅವ್ವನ ತಲೆಯ ಮೇಲಿಂದಲೇ ಕೇಳಿದೆ.

"ಕರದ್ರಲ್ಲ. ಹದಿನಾರರಾಗೂ ಹಿಂಗ ಎದ್ದಿದ್ದೆ. ಅವತ್ತ ಯಾರ ಮನಿಗಿ ಹೋಗಬೇಕು ಗೊತ್ತಿರಲಿಲ್ಲ." ಪರದೆಯ ಬೆಳಕಲ್ಲಿ ಅವನ ಕಣ್ಣು ಮಿನುಗಿದವು. "ಈಗ ಗೊತ್ತದ. ನೀವು ಹೂಂ ಅಂದ್ರ."

"ಹೂಂ," ಎಂದೆ. ಅವ್ವ ಕಲಿಸಿದ್ದ ಮಾತು ಅದೊಂದೇ ಉಪಯೋಗಕ್ಕೆ ಬಂತು.

ಸಿನಿಮಾ ಮುಗಿದು, ಕೊನೆಯ ಹೆಸರೂ ಮೇಲೆ ಹೋಗಿ ಪರದೆ ಕಪ್ಪಾದಾಗ, ಕತ್ತಲಲ್ಲಿ ನನ್ನ ನಗು ಬಂತು. ಅಮೋಲ್ ಜಗಳದಲ್ಲಿ ಗೆದ್ದಿದ್ದ. ಜನ ಗಾಬರಿಯಾಗಿ ನಿಂತರು. ಆಮೇಲೆ ಯಾರೋ ನಕ್ಕರು, ಅವರ ಹಿಂದೆ ಎಲ್ಲರೂ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಮೋಲನ ಕಡೆ ತಿರುಗಿದಳು.

"ಭಾನುವಾರ ಹಿರ್ಯಾರನ್ನ ಕರ್ಕೊಂಡ ಬರ್ರಿ," ಎಂದಳು. "ಅವತ್ತಿನ ಚಹಾ ಕುಡದೇ ಹೋಗೀರಿ."