ಎರಡನೇ ಕ್ರೇನ್ ಚಾಲಕ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸೇತುವೆ ಕಟ್ಟುವ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಯಾರಿಗೆ ಯಾವ ಕೆಲಸ ಎಂದು ಹಂಚುವ ಸಾಫ್ಟ್‌ವೇರಿಗೆ ಯಾರೋ ಕೈಹಾಕಿ, ಎರಡನೇ ಕ್ರೇನ್ ಚಾಲಕನನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿದ್ದಾರೆ. ಅದರಲ್ಲಿ ಪಾಳಿ ಇಲ್ಲದವರಿಗೆ ಕ್ರೇನಿನ ಕೀಲಿ ಕೊಡುವಂತಿಲ್ಲ. ರಾತ್ರಿ ಕೆಲಸ ನಿಂತಿದೆ, ಸೇತುವೆ ಮುಗಿಯುವ ದಿನ ತಿಂಗಳುಗಟ್ಟಲೆ ಮುಂದಕ್ಕೆ ಓಡಿದೆ.

ಹೆಡ್ ಕಾನ್‌ಸ್ಟೆಬಲ್ ಎಫ್‌ಐಆರ್ ಬರೆಯುತ್ತಾ, ಸೈಕಲ್ಲು, ಸರ, ಎಮ್ಮೆ ಕಳುವಾದದ್ದು ಕಂಡಿದ್ದೇನೆ, ಪಾಳಿ ಕಳುವಾದದ್ದು ಇದೇ ಮೊದಲು ಅಂದುಕೊಂಡ.

"ಅಳಿಸಿದ್ದು ಹೆಸರು ತಾನೆ? ಆಳು ಇದ್ದಾನಲ್ಲ. ಇಬ್ಬರು ಚಾಲಕರ ಹೇಳಿಕೇನೂ ಬೇಕು," ಅಂದರು ಇನ್‌ಸ್ಪೆಕ್ಟರ್.

ಮ್ಯಾನೇಜರ್ ಒಬ್ಬನ ವಿಳಾಸ ಕೊಟ್ಟು, ಇನ್ನೊಬ್ಬನದು ಅವನಿಗೇ ಗೊತ್ತು ಎಂದು ಅವಸರದಲ್ಲಿ ಎದ್ದುಹೋದರು.

ಹೆಡ್ ಕಾನ್‌ಸ್ಟೆಬಲ್ ಆ ಮನೆಗೆ ಹೋದಾಗ ಚಾಲಕನ ಹೆಂಡತಿ ಬಾಗಿಲಿಗೆ ಅಡ್ಡ ಕೂತಿದ್ದಳು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಇವತ್ತು ವಾರದ ರಜೆ, ಎಷ್ಟೋ ವಾರದ ಮೇಲೆ ಮಲಗಿದ್ದಾರೆ, ಯಾರು ಬಂದರೂ ಎಬ್ಬಿಸುವುದಿಲ್ಲ ಅಂದಳು. ಹೋಗಲಿ, ರಾತ್ರಿಪಾಳಿಯವನ ಮನೆಯಾದರೂ ತೋರಿಸಮ್ಮ ಎಂದ ಅವನು.

"ಹಗಲು ಹೋಗೋರೂ ಇವರೇ, ರಾತ್ರಿ ಹೋಗೋರೂ ಇವರೇ. ಇನ್ನೊಬ್ಬ ಅಂತ ಇದ್ದಿದ್ರೆ ಇವರು ರಾತ್ರಿ ಮನೇಲಿ ಇರ್ತಿರ್ಲಿಲ್ವಾ ಅಣ್ಣಾ?"

ಹೆಡ್ ಕಾನ್‌ಸ್ಟೆಬಲ್ ಠಾಣೆಗೆ ಬಂದು ಇನ್‌ಸ್ಪೆಕ್ಟರಿಗೆ ಸುದ್ದಿ ಮುಟ್ಟಿಸಿದ. ಮಧ್ಯಾಹ್ನ ಇಬ್ಬರೂ ಕಂಪನಿಯ ಕಚೇರಿಗೆ ಹೋಗಿ ಪಂಚನಾಮೆ ಆರಂಭಿಸಿದರು. ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದದ್ದು ಯೋಜನಾ ವಿಭಾಗದ ಒಬ್ಬ ಹೆಣ್ಣುಮಗಳು.

"ಒಬ್ಬ ಇಬ್ಬರಾಗಿದ್ದು ಹೇಗಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಒಬ್ಬನ ತಲೆಗೆ ಎರಡಾಳಿನ ಕೆಲಸ ಕಟ್ಟಿದ್ರೆ ಸಾಫ್ಟ್‌ವೇರಲ್ಲಿ ಅವನ ಹೆಸರು ಕೆಂಪಾಗುತ್ತೆ ಸಾರ್. ಕೆಂಪು ಕಾಣಬಾರದು ಅಂದ್ರು. ಅದೇ ಮನುಷ್ಯನ್ನ ಬೇರೆ ಹೆಸರಲ್ಲಿ ಇನ್ನೊಂದು ಸಲ ಸೇರಿಸಿದೆ. ಇಬ್ಬರಿದ್ದಾರೆ ಅಂತ ಸಾಫ್ಟ್‌ವೇರ್ ನಂಬ್ತು."

"ಅಂದಿದ್ದು ಯಾರು?"

ಅವಳು ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಕಡೆ ನೋಡಿದಳು.

"ಅಳಿಸಿದ್ದು?"

"ನಾನೇ."

"ಪಾಸ್‌ವರ್ಡ್?"

"ಕೊಡಲ್ಲ."

ಮ್ಯಾನೇಜರ್ ದನಿ ತಗ್ಗಿಸಿ, ನೀನು ನನ್ನ ಮಗಳಿದ್ದ ಹಾಗೆ, ಪಾಸ್‌ವರ್ಡ್ ಕೊಟ್ಟರೆ ದೂರನ್ನೂ ಬಿಡುತ್ತೇನೆ, ನಿನ್ನ ಕೆಲಸವೂ ಉಳಿಯುತ್ತದೆ ಎಂದು ಪುಸಲಾಯಿಸಿದರು.

"ಇನ್ನೊಬ್ಬ ಚಾಲಕನ್ನ ಕರ್ಕೊಂಡು ಬನ್ನಿ, ಈಗಲೇ ಕೊಡ್ತೀನಿ. ಉಸಿರಾಡೋನು ಬೇಕು, ಅಷ್ಟೇ."

ಸಂಜೆ ಐದೂವರೆಗೆ ಅವಳ ಬಂಧನವಾಯಿತು. ಅವಳು ತಾನಾಗಿಯೇ ಚೀಲ ಹೆಗಲಿಗೇರಿಸಿ ಜೀಪಿನತ್ತ ನಡೆದಳು. ಮ್ಯಾನೇಜರ್ ಕೈಮುಗಿದು ಒಳಗೆ ತಿರುಗುವಷ್ಟರಲ್ಲಿ ಇನ್‌ಸ್ಪೆಕ್ಟರ್, "ನೀವೂ ಹತ್ತಿ ಸಾರ್. ಜನರ ಜೀವಕ್ಕೆ ಅಪಾಯ ತಂದಿದ್ದಕ್ಕೆ ಬೇರೆ ಎಫ್‌ಐಆರ್ ಇದೆ," ಅಂದರು.

ಅವಳ ಹೇಳಿಕೆಯಲ್ಲಿ ದಾಖಲಾದದ್ದು ಇಷ್ಟು: ಹಿಂದಿನ ವಾರ ಚಾಲಕನಿಗೆ ಕ್ರೇನಿನಲ್ಲೇ ಜೋಂಪು ಹತ್ತಿ, ಕಬ್ಬಿಣದ ತೊಲೆ ಕೂಲಿಯವರು ಚಹಾ ಕುಡಿದು ಆಗಷ್ಟೇ ಎದ್ದಿದ್ದ ಜಾಗಕ್ಕೆ ಬಿದ್ದಿತ್ತು. ಅವನು ಇಳಿದು ಬಂದು ಒಬ್ಬೊಬ್ಬರ ಕೈಹಿಡಿದು ತಪ್ಪಾಯ್ತು ಅಂದಿದ್ದ. ಅವಳ ಕೈಯನ್ನೂ ಹಿಡಿದಿದ್ದ. ಆ ಎರಡನೇ ಹೆಸರನ್ನು ಸೇರಿಸಿದ ಕೈ ಅದೇ ಎಂದು ಅವನಿಗೆ ಗೊತ್ತಿರಲಿಲ್ಲ.

ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಸೇರಿಸಿದ್ದಕ್ಕೆ ಇದೆ ಸಾರ್. ಅಳಿಸಿದ್ದಕ್ಕೆ ಇಲ್ಲ."

ಹೆಡ್ ಕಾನ್‌ಸ್ಟೆಬಲ್ ಒಂದಕ್ಷರ ತಿದ್ದದೆ ಹಾಗೆಯೇ ಬರೆದುಕೊಂಡ.