ಶುದ್ಧ ಅಕ್ಕಿಯಲ್ಲಿ ಎದ್ದ ಗೆರೆ

"ಇದು ನಮ್ಮ ಅಕ್ಕಿಯೊಳಗ ಹೆಂಗ ಬಂತು?!"

ಭವಾನಿಯ ಕೂಗಿಗೆ ಲ್ಯಾಬಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಎದ್ದು ನಿಂತಿತ್ತು. ಪಕ್ಕದಲ್ಲೇ ಹೆಸರು... ನ್ಯಾಫ್ತಲೀನ್!

ಗಂಗಾವತಿಯ ರೈಸ್ ಮಿಲ್ಲಿನವರು ಸೇರಿ ಕಟ್ಟಿದ ಲ್ಯಾಬು ಅದು. ಹೊರದೇಶಕ್ಕೆ ಹೋಗುವ ಅಕ್ಕಿಯಲ್ಲಿ ಬೆಳೆಗೆ ಹೊಡೆದ ಔಷಧದ ಅಂಶ ಚೂರೇ ಚೂರು ಇದ್ದರೂ ಹಿಡಿದು ಹೆಸರು ಹೇಳುವ ಜಿಸಿ-ಎಂಎಸ್ ಯಂತ್ರ ಬೇಕಾಗಿತ್ತು. ಎರಡು ಕಂಪನಿಗಳ ಯಂತ್ರಗಳಲ್ಲಿ ಒಂದನ್ನು ಆರಿಸುವ ಹೊಣೆ ಕೆಮಿಸ್ಟ್ ಭವಾನಿಯದು. ಒಂದು ಕಂಪನಿಯ ಕಡೆಯಿಂದ ಯಂತ್ರ ತಂದು ಜೋಡಿಸಿದ್ದವನು ಕುಷ್ಟಗಿಯ ಶರಣಕುಮಾರ. ಇಬ್ಬರೂ ಮುಖ ನೋಡಿಕೊಂಡಿದ್ದು ಈ ಬೆಳಿಗ್ಗೆಯೇ.

ಅವನ ನಗು ನೋಡಿ ಇವಳ ಎದೆ ಝಲ್ಲೆಂದಿದ್ದು ನಿಜ. ಅದೆಲ್ಲ ಈಗ ಎಲ್ಲಿ ಹೋಯಿತೋ!

"ಆನೆಗೊಂದಿಯ ನಮ್ಮ ಗದ್ದಿ ಅಕ್ಕಿ ಇದು. ಏನೂ ಹೊಡದಿಲ್ಲ. ಗೆರಿ ಬರಬಾರದು ಅಂತನ ತಂದಿದ್ದೆ!"

"ಮಿಷಿನ್ ಹೊಲಸಿಲ್ರಿ ಮೇಡಂ. ಅಕ್ಕಿ ಇಲ್ಲದ ಬರೇ ದ್ರಾವಣ ಓಡಿಸಿದಾಗ ಏನೂ ಬರಲಿಲ್ಲ. ನೀವ ನೋಡೀರಿ."

"ಹಂಗಾರ ಯಾರೋ ಬೆರಸ್ಯಾರ. ನಾ ಊಟಕ್ಕ ಹೋದಾಗ ಅಕ್ಕಿ ಬಾಟ್ಲಿ ಹತ್ರ ಇದ್ದವ್ರು ನೀವೊಬ್ರ. ನಮ್ಮ ಮಿಷಿನ್ ಏನಿದ್ರೂ ಹಿಡೀತೈತಿ ಅಂತ ತೋರಸಾಕ ಹಿಂಗ ಮಾಡಿದ್ರಾ?"

ಅವನ ಮುಖ ಕಪ್ಪಿಟ್ಟಿತು.

"ನಾನು... ಹಂಗ ಮಾಡೋನಲ್ರಿ."

ಅಷ್ಟೇ ಹೇಳಿ ಪರದೆಯ ಕಡೆ ತಿರುಗಿ ಆ ಗೆರೆಯನ್ನೇ ಮತ್ತೆ ನೋಡತೊಡಗಿದ.

ಮಿಲ್ ಸಂಘದ ಅಧ್ಯಕ್ಷ ಓಬಳೆಪ್ಪ ಎದ್ದು ನಿಂತರು. "ನಾಳೆ ನಿಮ್ಮ ಮಿಷಿನ್ ಕಟ್ಕೊಂಡು ಹೊಂಡ್ರಿ. ನಿಮ್ಮ ಕಂಪನಿಗೂ ಫೋನ್ ಹಚ್ಚತೀನಿ."

ಸಂಜೆ ಮನೆಗೆ ಬಂದರೂ ಆ ಮುಖ ಭವಾನಿಯ ಕಣ್ಣ ಮುಂದಿನಿಂದ ಹೋಗಲಿಲ್ಲ. ಮೋಸ ಮಾಡಿದವನ ಮುಖ ಹಾಗಿರುತ್ತದೆಯೇ?

"ಯವ್ವಾ, ಅಕ್ಕಿ ಬಾಟ್ಲಿಗೆ ತುಂಬಿದಾಕಿ ನೀನ. ಡಬ್ಬಿಯಿಂದ ನೆಟ್ಟಗ ಬಾಟ್ಲಿಗೇ ಹಾಕಿದ್ಯಲ್ಲ?"

ತಾಯಿ ಪಂಪಮ್ಮ ರೊಟ್ಟಿ ಬಡಿಯುತ್ತಲೇ ಅಂದಳು, "ನೆಟ್ಟಗ್ಯಾಕ? ಮಗಳ ಲ್ಯಾಬಿನ ಹೊಸಾ ಮಿಷಿನ್ನಿಗೆ ಮೊದಲನೇ ಅಕ್ಕಿ. ಉಡಿ ಅಕ್ಕಿಯಂಗ ಹೊಸಾ ಕುಪ್ಪಸದ ಖಣದಾಗ ಕಟ್ಟಿ ದೇವರ ಮುಂದ ಇಟ್ಟಿದ್ದೆ. ಮುಂಜಾನೆದ್ದು ನಿನ್ನ ಬಾಟ್ಲಿಗೆ ಸುರುವಿದೆ."

"ಖಣ ಎಲ್ಲಿಂದ ತಗದಿ?"

"ಇನ್ನೆಲ್ಲಿಂದ? ಟ್ರಂಕಿನಾಗಿಂದ."

ಭವಾನಿ ಓಡಿಹೋಗಿ ಟ್ರಂಕು ತೆರೆದಳು. ಸೀರೆ, ಖಣಗಳ ನಡುವೆ ಬೆಳ್ಳಗಿನ ಡಾಂಬರು ಗುಳಿಗೆಗಳು!

ಅಯ್ಯೋ ದೇವರೇ... ನ್ಯಾಫ್ತಲೀನ್ ಅಂದರೆ ಇದೇ!

ಹುಟ್ಟಿದಾಗಿನಿಂದ ಇದೇ ಟ್ರಂಕಿನ ಬಟ್ಟೆ ತೊಟ್ಟವಳ ಮೂಗಿಗೆ ಆ ವಾಸನೆ ವಾಸನೆಯೇ ಅಲ್ಲ. ಎಂ.ಎಸ್ಸಿ. ಓದಿದ್ದಾಳಂತೆ, ಎಂ.ಎಸ್ಸಿ.! ಏನೂ ತಪ್ಪು ಮಾಡದವನ ಮರ್ಯಾದೆ ತೆಗೆದು ಬಂದಿದ್ದಳು.

ಮರುದಿನ ಅವಳು ಲ್ಯಾಬು ತಲುಪುವಾಗ ಹಮಾಲರು ಯಂತ್ರವನ್ನು ಟೆಂಪೋಗೆ ಏರಿಸುತ್ತಿದ್ದರು.

"ಏರಸಬ್ಯಾಡ್ರಿ! ತಡೀರಿ!"

ಓಬಳೆಪ್ಪನವರು, ಹಮಾಲರು, ಎಲ್ಲರ ಎದುರೇ ಹೇಳಿದಳು. "ತಪ್ಪು ನಂದ್ರಿ. ನಮ್ಮನಿ ಟ್ರಂಕಿನ ಡಾಂಬರ ಗುಳಿಗಿ ಅಕ್ಕಿಗೆ ಹತ್ತಿತ್ತು. ಇವ್ರು ಏನೂ ಬೆರಸಿಲ್ಲ. ಇವ್ರ ಮಿಷಿನ್ನ ಖರೇ ಹೇಳಿತ್ತು."

ಓಬಳೆಪ್ಪ ದಂಗಾಗಿ ಅವಳನ್ನೇ ನೋಡಿದರು. ಆಮೇಲೆ ತಾವೇ ಕಂಪನಿಗೆ ಫೋನು ಹಚ್ಚಿ ಕ್ಷಮೆ ಕೇಳಿದರು. ಯಂತ್ರ ಮತ್ತೆ ಒಳಗೆ ಬಂತು. ಮನೆಯ ಡಬ್ಬಿಯಿಂದ ನೇರ ತಂದ ಅಕ್ಕಿ ಓಡಿಸಿದಾಗ ಗೆರೆ ಏಳಲಿಲ್ಲ.

ಆ ವಾರವೆಲ್ಲ ಇಬ್ಬರೂ ಪಕ್ಕ ಪಕ್ಕ ಕೂತು ಪರೀಕ್ಷೆ ಮಾಡಿದರು. ಪರದೆ ನೋಡಿದ್ದಕ್ಕಿಂತ ಒಬ್ಬರನ್ನೊಬ್ಬರು ಕದ್ದು ನೋಡಿದ್ದೇ ಹೆಚ್ಚು! ಆದರೂ ಅವನು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಇನ್ನೂ ನನ್ನ ಮೇಲೆ ಸಿಟ್ಟೇ? ಇವಳು ಒಳಗೊಳಗೇ ಕೊರಗಿದಳು.

ಆರಿಸುವ ದಿನ ಬಂತು. ಇನ್ನೊಂದು ಕಂಪನಿಯ ಯಂತ್ರವೂ ಇಷ್ಟೇ ಚೆನ್ನಾಗಿ ಹಿಡಿಯುತ್ತಿತ್ತು. ಅವರ ರಿಪೇರಿಯವರು ಹೊಸಪೇಟೆಯಲ್ಲೇ ಇದ್ದರು. ಶರಣಕುಮಾರನ ಕಂಪನಿಯ ರಿಪೇರಿಯವರು ಹೈದರಾಬಾದಿನಿಂದ ಬರಬೇಕು. ಸುಗ್ಗಿಯಲ್ಲಿ ಯಂತ್ರ ಕೆಟ್ಟು ಕೂತರೆ ಅಕ್ಕಿ ಲಾರಿಗಳೆಲ್ಲ ನಿಂತುಬಿಡುತ್ತವೆ. ಮನಸ್ಸು ಅವನ ಕಡೆ ಎಳೆಯುತ್ತಿತ್ತು, ಕೆಲಸ ಇನ್ನೊಂದು ಕಡೆ. ಭವಾನಿ ಕೆಲಸದ ಮಾತು ಕೇಳಿದಳು.

"ನಿಮ್ಮ ಮಿಷಿನ್ ಆರಿಸಲಿಲ್ರಿ ನಾನು..." ಹೇಳುವಾಗಲೇ ಕಣ್ಣು ತುಂಬಿ ಬಂತು.

ಅವನು ಗಕ್ಕನೆ ತಲೆ ಎತ್ತಿದ. ಮರುಗಳಿಗೆಯೇ ಜೋರಾಗಿ ನಕ್ಕುಬಿಟ್ಟ!

"ಬದುಕಿಸಿದ್ರಿ ನನ್ನ!"

"ಏನ್ರೀ?!"

"ನಮ್ಮ ಮಿಷಿನ್ ತಗೊಂಡಿದ್ರ ಮಂದಿ ಏನಂತಿದ್ರು? ಮಾರಾಕ ಹುಡುಗಿ ಹಿಂದ ಬಿದ್ದ ಅಂತಿದ್ರು. ನಿಮ್ಮ ಹೆಸರೂ ಕೆಡತಿತ್ತು. ಅದಕ್ಕ ಬಾಯಿ ಕಟ್ಕೊಂಡಿದ್ದೆ. ಇನ್ನ ನನಗೂ ನಿಮ್ಮ ಲ್ಯಾಬಿಗೂ ವ್ಯವಹಾರ ಇಲ್ಲ. ಕೇಳೇ ಬಿಡ್ತೀನಿ... ನಮ್ಮ ಹಿರಿಯರನ್ನ ನಿಮ್ಮನಿಗೆ ಕಳಸ್ಲೇನ್ರಿ?"

ಭವಾನಿಗೆ ಕೇಳಿದ್ದನ್ನು ನಂಬಲೇ ಆಗಲಿಲ್ಲ.

"ನಾ... ನಿಮ್ಮ ಮ್ಯಾಲ ಅಂಥಾ ಅಪವಾದ ಹೊರಿಸಿದಾಕಿ..."

"ಎಲ್ಲಾರ ಮುಂದ ಹೊರಿಸಿದ್ರಿ, ಎಲ್ಲಾರ ಮುಂದನ ಇಳಿಸಿದ್ರಿ. ಹಂಗ ಮಾಡಾವ್ರು ಎಷ್ಟು ಮಂದಿ ಅದಾರ? ಅವತ್ತ ಸೋತೆ ನಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತುಟಿಯಲ್ಲಿ ನಗು ತಡೆಯಲಾಗಲಿಲ್ಲ.

"ಆಯ್ತವಾರ ಕಳಸ್ರಿ. ಲ್ಯಾಬ್ ಸೂಟಿ ಐತಿ."

"ಹಿರಿಯರ ಜೋಡಿ ನಾನೂ ಬರ್ಲಿ?"

"ನೀವು ಬರಲಿಲ್ಲಂದ್ರ ಬಾಗಲಾನ ತಗಿಯೂದಿಲ್ಲ!"