ಗುಡುಗಿನ ಹೊತ್ತಿನ ಲಾಗಿನ್

"ನಾಳೆ ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ ಮಾಮು," ಎಂದು ನನ್ನ ತಂಗಿಯ ಮಗಳು ಯಾಸ್ಮೀನ್ ಬಾಗಿಲಲ್ಲೇ ಕುಸಿದು ಕೂತಳು.

ನಾನು ಆಗ ಕೊಪ್ಪದ ವಕೀಲಮ್ಮ ತ್ರಿಪುರಸುಂದರಿಯವರ ಜಗಲಿಯಲ್ಲಿದ್ದೆ. ಕೋರ್ಟು ಬಿಟ್ಟ ಮೇಲೂ ಊರಿನ ಬಿಡಿಸಲಾಗದ ತಂಟೆಗಳೆಲ್ಲ ಅವರ ಬಾಗಿಲಿಗೇ ಬರುತ್ತವೆ. ಅವರನ್ನು ಜೀಪಿನಲ್ಲಿ ಸುತ್ತಿಸುವ ಉಸಾಬರಿ, ಚಪ್ಪಲಿ ಅಂಗಡಿಯ ಈ ಅಬ್ದುಲ್ ರಹಮಾನನದು. ಬೇರೆಯವರ ಕಷ್ಟಕ್ಕೆ ನಾನು ದೊಡ್ಡ ಬುದ್ಧಿವಂತ. ಆವತ್ತು ಮಾತ್ರ ಟೀ ಎಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡೆ.

ಯಾಸ್ಮೀನ್ ಕೆಲಸ ಮಾಡುವ ಕಂಪನಿ ಆಸ್ಪತ್ರೆಗಳ ರೋಗಿಗಳ ರಿಪೋರ್ಟುಗಳನ್ನು ನೋಡಿಕೊಳ್ಳುತ್ತದೆ. ಅವಳಿರುವ ಬಸರೀಕಟ್ಟೆ ಹಳ್ಳಿಯಲ್ಲಿ ಕೂತೇ ಆಫೀಸಿನ ಕಂಪ್ಯೂಟರಿನೊಳಗೆ ಹೋಗಲು ವಿಪಿಎನ್ ಎಂಬ ದಾರಿಯಿದೆ. ಅದಕ್ಕೆ ಎರಡು ಬೀಗ. ಮೊದಲನೆಯದು ಪಾಸ್‌ವರ್ಡ್. ಅದು ಸರಿಯಾದರೆ ಫೋನಿಗೆ "ಇದು ನೀವೇನಾ?" ಎಂದು ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಬೇಕು. ಗುರುವಾರ ಮಧ್ಯಾಹ್ನ ಅವಳ ಹೆಸರಿನಲ್ಲಿ ಯಾರೋ ಒಳಹೊಕ್ಕು ರಾಶಿ ರಿಪೋರ್ಟುಗಳನ್ನು ಅಳಿಸಿಹಾಕಿದ್ದರು.

"ಪಾಸ್‌ವರ್ಡ್ ಯಾರಿಗೆ ಗೊತ್ತು?" ವಕೀಲಮ್ಮ ಕೇಳಿದರು.

"ಯಾರಿಗೂ ಗೊತ್ತಿಲ್ಲ ಮೇಡಂ. ಆವತ್ತು ಬೆಳಿಗ್ಗೆ ತಾನೇ ನಮ್ಮ ಕೆಲಸದ ಬಾಡಿಗೆ ಕೋಣೆಯಲ್ಲಿ ಕೂತು ಹೊಸದು ಹಾಕಿದ್ದೆ."

"ಫೋನು?"

ಹುಡುಗಿ ನೆಲ ನೋಡಿದಳು. "ನನ್ನ ಹತ್ರನೇ ಇತ್ತು."

"ಅಲ್ಲಾಗೆ ಗೊತ್ತು, ಇವಳು ಹಾಗೆ ಮಾಡೋಳಲ್ಲ!" ಎಂದು ನಾನು ಕೂಗಾಡಿದೆ.

"ಪೊಲೀಸರಿಗೂ ಗೊತ್ತಾಗ್ಬೇಕಲ್ಲ ಸಾಹೇಬ್ರೆ. ಜೀಪು ತೆಗೀರಿ."

ಬಸರೀಕಟ್ಟೆಯಲ್ಲಿ ಪ್ರೇಮಕ್ಕನ ಮನೆಯ ಮಹಡಿಯ ಕೋಣೆಯನ್ನು ಒಂದೇ ಕಂಪನಿಯ ಮೂವರು ಬಾಡಿಗೆಗೆ ಹಿಡಿದಿದ್ದರು. ಮುಂದಿನ ಮೇಜು ಯಾಸ್ಮೀನಳದು, ಅವಳ ಬೆನ್ನ ಹಿಂದೆ ಅಭಿಷೇಕ, ಗೋಡೆಯ ಬದಿಗೆ ಶ್ವೇತ. ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಿಟಕಿಯಲ್ಲಿ. ಅಲ್ಲಿ ಮೊಳೆ ಹೊಡೆದು, ಬಟ್ಟೆಯ ಚೀಲಗಳಲ್ಲಿ ಫೋನುಗಳನ್ನು ನೇತುಹಾಕಿದ್ದರು. ಆ ಕಿಟಕಿಯ ಬುಡದಲ್ಲೇ ಪ್ರೇಮಕ್ಕ ಬೀನ್ಸ್ ಮುರಿಯುತ್ತಾ ಕೂತಿದ್ದರು.

"ಸ್ವಲ್ಪ ಲಾಗಿನ್ ಆಗು ನೋಡುವ," ಎಂದರು ವಕೀಲಮ್ಮ.

"ನನ್ನ ಹೆಸರು ತಡೆಹಿಡಿದಿದ್ದಾರೆ ಮೇಡಂ," ಎಂದಳು ಯಾಸ್ಮೀನ್.

ಶ್ವೇತ ತನ್ನ ಹೆಸರಿನಲ್ಲಿ ಪಾಸ್‌ವರ್ಡ್ ಹಾಕಿದಳು. ಕಿಟಕಿಯಲ್ಲಿ ಫೋನು ಟುಣ್ ಎಂದಿತು. ಪ್ರೇಮಕ್ಕ ಬೀನ್ಸಿನಿಂದ ಕಣ್ಣು ಎತ್ತದೆ, ಕೈಚಾಚಿ ಚೀಲದಿಂದ ಫೋನು ತೆಗೆದು ಒತ್ತಿ ಮತ್ತೆ ಒಳಗಿಟ್ಟರು.

"ಎಂತ ಮಾಡಿದ್ರಿ ನೀವು?" ನಾನು ಹೌಹಾರಿದೆ.

"ಹಸಿರು ಒತ್ತಿದೆ ಮಾರಾಯ್ರೆ! ಮಕ್ಳು ಪ್ರತಿ ಸಲ ಎದ್ದು ಬರೋದೆಂತಕ್ಕೆ? ನಾ ಇಲ್ಲೇ ಇರ್ತೀನಲ್ಲ."

ಅವರಿಗೆ ಅನುಕೂಲವಾಗಲಿ ಎಂದು ಮೂವರೂ ಫೋನಿನ ಲಾಕ್ ತೆಗೆದಿಟ್ಟಿದ್ದರು. ಯಾಸ್ಮೀನ್ ಅಳತೊಡಗಿದಳು. "ಫೋನು ಬೇರೆಯವರ ಕೈಗೆ ಕೊಟ್ರೆ ಕೆಲಸ ಹೋಗುತ್ತೆ ಮಾಮು. ಅದಕ್ಕೇ ಹೇಳ್ಲಿಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ಜೈಲಿನ ಬಾಗಿಲಲ್ಲಿ ನಿಂತು ಕೆಲಸದ ಚಿಂತೆ! ಆದರೂ ಕಣ್ಣೊರೆಸಿಕೊಳ್ಳಲು ನನ್ನ ಕರವಸ್ತ್ರ ಕೊಟ್ಟೆ.

ವಕೀಲಮ್ಮ ಮೆತ್ತಗೆ ಗುರುವಾರದ ಮಾತೆತ್ತಿದರು.

"ಹಲ್ಲುನೋವು ಅಂತ ಊಟಕ್ಕೆ ಮುಂಚೆನೇ ಶೃಂಗೇರಿಗೆ ಹೋಗಿದ್ದೆ," ಎಂದ ಅಭಿಷೇಕ. "ಲ್ಯಾಪ್‌ಟಾಪ್ ಇಲ್ಲೇ ಚಾರ್ಜಿಗೆ ಹಾಕಿದ್ದೆ."

"ನಾನು, ಯಾಸ್ಮೀನ್ ಕೆಳಗೆ ಹಲಸಿನ ತೊಳೆ ಬಿಡಿಸ್ತಿದ್ವಿ," ಎಂದಳು ಶ್ವೇತ. "ಗುಡುಗು ಜೋರಿತ್ತು, ನೆಟ್ ಇರ್ಲಿಲ್ಲ."

"ಇರೋದು ಹೇಗೆ?" ಪ್ರೇಮಕ್ಕ ಬಾಯಿ ಹಾಕಿದರು. "ಗುಡುಗು ಕೇಳಿದ್ರೆ ನಾ ಎಂತದನ್ನೂ ಬಿಡೋದಿಲ್ಲ. ನೆಟ್ಟಿನ ಡಬ್ಬಿ ಆರಿಸಿ, ಎರಡೂ ಲ್ಯಾಪ್‌ಟಾಪಿನ ಪ್ಲಗ್ ಕಿತ್ತು, ಮಡಚಿ, ಮೇಲೆ ಮೈ ಒರೆಸೋ ಬೈರಾಸು ಹೊದಿಸಿ ಇಲ್ಲೇ ಕಾವಲು ಕೂತಿದ್ದೆ."

"ಆಗ ಯಾಸ್ಮೀನ್ ಫೋನು ಟುಣ್ ಅಂತಾ?"

"ಅಂತು. ಒತ್ತಿದೆ."

ವಕೀಲಮ್ಮ ಎದ್ದು ಜೀಪಿನತ್ತ ನಡೆದರು.

ಮರುದಿನ ಕಂಪನಿಯ ಅಧಿಕಾರಿ ಸುಮನಾ ಬಂದರು. ಠಾಣೆಗೆ ಹೋಗುವ ಮುಂಚೆ ಒಂದು ಗಳಿಗೆ ಕೂರಿ ಎಂದು ವಕೀಲಮ್ಮ ಅವರನ್ನು ಮಹಡಿಗೆ ಕರೆದರು. ಎಲ್ಲರೂ ಸೇರಿದೆವು. ಯಾಸ್ಮೀನಳ ಕೈ ನನ್ನ ಕೈಯಲ್ಲಿ ತಣ್ಣಗಿತ್ತು.

"ಒಳಗೆ ಹೋದವನಿಗೆ ಮೂರು ಬೇಕಿತ್ತು," ವಕೀಲಮ್ಮ ಶುರುಮಾಡಿದರು. "ಒಂದು, ಅದೇ ಬೆಳಿಗ್ಗೆ ಹಾಕಿದ ಪಾಸ್‌ವರ್ಡ್. ಅದನ್ನ ಕದ್ದು ನೋಡಬಹುದಾದವರು ಈ ಕೋಣೆಯಲ್ಲಿ ಕೂತವರು. ಎರಡು, ಟುಣ್ ಅಂದ್ರೆ ಪ್ರೇಮಕ್ಕ ಒತ್ತುತ್ತಾರೆ ಅನ್ನೋ ಧೈರ್ಯ. ಅದೂ ಇವರಿಗೇ ಗೊತ್ತು. ಮೂರು, ನೆಟ್ ಇರೋ ಕಂಪನಿ ಲ್ಯಾಪ್‌ಟಾಪು. ಆ ಹೊತ್ತಲ್ಲಿ ಇಲ್ಲಿ ಡಬ್ಬಿ ಆರಿತ್ತು, ಎರಡು ಲ್ಯಾಪ್‌ಟಾಪು ಪ್ರೇಮಕ್ಕನ ಕಣ್ಣೆದುರು ಬೈರಾಸಿನ ಕೆಳಗಿತ್ತು. ಅಭಿಷೇಕ, ಮೂರನೇದನ್ನ ಚಾರ್ಜಿಗೆ ಹಾಕಿದ್ದೆ ಅಂದಿಯಲ್ಲ. ಅದರ ಪ್ಲಗ್ ಪ್ರೇಮಕ್ಕ ಯಾಕೆ ಕೀಳ್ಲಿಲ್ಲ?"

ಪ್ರೇಮಕ್ಕ ಬೆಚ್ಚಿದರು. "ಇದ್ರಲ್ವಾ ಕೀಳೋದು! ಅವನ ಮೇಜು ಖಾಲಿ ಇತ್ತು."

"ಅದು ಇವನ ಜೊತೆ ಶೃಂಗೇರಿಗೆ ಹೋಗಿತ್ತು," ಎಂದರು ವಕೀಲಮ್ಮ. "ಅಲ್ಲಿ ಗುಡುಗಿರ್ಲಿಲ್ಲ, ಇಲ್ಲಿ ನೆಟ್ ಆರಿದ್ದು ಇವನಿಗೆ ಗೊತ್ತಾಗ್ಲಿಲ್ಲ. ಯಾಸ್ಮೀನ್ ಕೆಲಸಕ್ಕೆ ಕೂತಿರ್ತಾಳೆ, ಯಾರಿಗೂ ಅನುಮಾನ ಬರಲ್ಲ ಅಂತ ಇವನು ನಂಬಿದ್ದ. ಸುಮನಾ ಅವರೇ, ಲಾಗಿನ್ ಯಾವ ಲ್ಯಾಪ್‌ಟಾಪಿಂದ ಅಂತ ನೋಡಿದ್ರಾ?"

"ಹೆಸರು, ಫೋನು ಸರಿ ಇತ್ತಲ್ಲ..." ಎನ್ನುತ್ತಾ ಸುಮನಾ ಅಲ್ಲೇ ತಮ್ಮ ಲ್ಯಾಪ್‌ಟಾಪು ತೆರೆದು ಹುಡುಕಿದರು. ಅವರ ಮುಖ ಸಣ್ಣದಾಯಿತು. "ಅಭಿಷೇಕನದು."

ಅಷ್ಟನ್ನು ನೋಡದೆ ಒಂದು ಹೆಣ್ಣುಮಗುವನ್ನು ಠಾಣೆಗೆ ಎಳೆಯಲು ಹೊರಟಿದ್ದರು!

ಅಭಿಷೇಕ ಮುಖ ಮುಚ್ಚಿಕೊಂಡ. "ಮೊದಲು ಸ್ವಲ್ಪ ರಿಪೋರ್ಟು ನನ್ನ ಕೈತಪ್ಪಿ ಅಳಿಸಿಹೋಯ್ತು. ಶುಕ್ರವಾರ ತಪಾಸಣೆ ಇತ್ತು. ಅವಳ ಹೆಸರಲ್ಲಿ ಉಳಿದದ್ದನ್ನೂ ಅಳಿಸಿದ್ರೆ, ಎಲ್ಲಾ ಅವಳೇ ಮಾಡಿದ್ದು ಅಂದ್ಕೊಳ್ತಾರೆ ಅಂತ... ಹೆದರಿಕೆಯಾಗಿತ್ತು."

"ಅವಳಿಗೆ ಆಗಲ್ವಾ?" ಎಂದಳು ಶ್ವೇತ.

ಕಂಪ್ಲೇಂಟಿನಲ್ಲಿ ಹೆಸರು ಬದಲಾಯಿತು. ಯಾಸ್ಮೀನ್ ತಪ್ಪಿತಸ್ಥೆಯಲ್ಲ ಎಂದು ಸುಮನಾ ಬರೆದುಕೊಟ್ಟರು. ಬಾಗಿಲ ಹತ್ತಿರ ತಿರುಗಿ, "ಆದ್ರೆ ಫೋನು ಬೇರೆಯವರ ಕೈಗೆ ಕೊಟ್ಟಿದ್ದಕ್ಕೆ ಕೆಲಸ ಉಳಿಸೋಕಾಗಲ್ಲಮ್ಮ. ಶ್ವೇತಂಗೂ ಅಷ್ಟೇ," ಎಂದರು. ವಕೀಲಮ್ಮ ವಾದಿಸಿ ನೋಡಿದರು. ಆಗಲಿಲ್ಲ.

ಎಲ್ಲರೂ ಇಳಿದುಹೋದ ಮೇಲೆ ಯಾಸ್ಮೀನ್ ತನ್ನ ಚೀಲವನ್ನು ಮೊಳೆಯಿಂದ ತೆಗೆದುಕೊಂಡಳು. ಪ್ರೇಮಕ್ಕ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡು ಮೂಲೆಯಲ್ಲಿ ನಿಂತಿದ್ದರು.

"ನಿಂಗೆ ಒಳ್ಳೇದಾಗ್ಲಿ ಅಂತ ಒತ್ತಿದೆ ಮಗಾ."

ಯಾಸ್ಮೀನ್ ಸೆರಗು ಬಿಡಿಸಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಜೀಪು ತಿರುಗಿಸುವ ನೆಪದಲ್ಲಿ ಕೆಳಗಿಳಿದೆ.